ನೀಲಮ್ಮನನ್ನು ಸಾಲಿನಿಂದ ತೆಗೆದವಳು

ಆ ಹುಡುಗಿಯನ್ನು ಸಾಲಿನಿಂದ ತೆಗೆದವಳು ನಾನು. ಮುಖ್ಯೋಪಾಧ್ಯಾಯಿನಿಯಲ್ಲ, ಆಡಳಿತ ಮಂಡಳಿಯಲ್ಲ — ನಾನು.

ಆರು ವರ್ಷಗಳ ಹಿಂದೆ ಇದೇ ವಾರಪತ್ರಿಕೆಯ ಇದೇ ಪುಟದಲ್ಲಿ ನಾನೊಂದು ಲೇಖನ ಬರೆದೆ. ಹುಮನಾಬಾದಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ, ಒಂದು ಕಾಲು ಬತ್ತಿಹೋದ ವಿದ್ಯಾರ್ಥಿನಿಯನ್ನು ಯೋಗ ಪ್ರದರ್ಶನದ ಸಾಲಿನಿಂದ ಹೊರಗಿಟ್ಟರು ಎಂದೂ, ಹಾಗೆ ಇಟ್ಟವರು ಅಲ್ಲಿಯ ಮುಖ್ಯೋಪಾಧ್ಯಾಯಿನಿ ಎಂದೂ ಬರೆದೆ. 'ಉತ್ತರ ಕೊಡಿ' ಎಂದು ಆ ಲೇಖನ ಮೂರು ಸಲ ಕೇಳುತ್ತದೆ. ನಿಮ್ಮಲ್ಲಿ ಹಲವರು ಅದನ್ನು ಓದಿದ್ದೀರಿ. ಕೆಲವರು ಕತ್ತರಿಸಿ ಇಟ್ಟುಕೊಂಡಿದ್ದೇವೆಂದು ನನಗೆ ಕಾಗದ ಬರೆದಿರಿ. ಉತ್ತರ ಕೊಡಬೇಕಾಗಿದ್ದವಳೇ ಅಲ್ಲಿ ಪ್ರಶ್ನೆ ಕೇಳುತ್ತಿದ್ದಳು — ವಿಷಯ ಇಷ್ಟೇ.

ಇಷ್ಟನ್ನು ಹೇಳಿ ಪೆನ್ನು ಕೆಳಗಿಡಬಹುದಿತ್ತು. ಆದರೆ ಅಂದು ಸುಳ್ಳನ್ನು ವಿವರವಾಗಿ ಬರೆದವಳು ಇಂದು ಸತ್ಯವನ್ನು ಎರಡು ಸಾಲಿನಲ್ಲಿ ಮುಗಿಸುವುದು ಇನ್ನೊಂದು ಬಗೆಯ ಮೋಸ. ಆದ್ದರಿಂದ ಬರೆಯುತ್ತೇನೆ. ಹಿಂದಿನ ಆವೇಶ ನನ್ನಲ್ಲಿ ಉಳಿದಿಲ್ಲ. ಆರು ವರ್ಷ ಒಂದೇ ಸುಳ್ಳಿಗೆ ಕಾವಲು ನಿಂತವರಿಗೆ ಬರುವ ದಣಿವು ಮಾತ್ರ ಇದೆ.

ಇದು ನನ್ನ ಎಡಗೈಯಿಂದ ಶುರುವಾಗಬೇಕು.

ಬೀದರ ಜಿಲ್ಲೆ ಈ ರಾಜ್ಯಕ್ಕೆ ಸೇರಿದ ವರ್ಷ ಮುಡಬಿಯಲ್ಲಿ ಹುಟ್ಟಿದವಳು ನಾನು. ಆರನೆಯ ವಯಸ್ಸಿನಲ್ಲಿ ಜೋಳದ ಕಣಿಕೆಯ ಬಣವೆಯ ಮೇಲಿಂದ ಬಿದ್ದೆ, ಎಡಮೊಣಕೈ ಮುರಿಯಿತು. ಎಲುಬು ಕೂಡಿಸುವವನು ಬಿದಿರಿನ ದಬ್ಬೆ ಕಟ್ಟಿದ. ನಲವತ್ತು ದಿನಕ್ಕೆ ಬಿಚ್ಚಿದಾಗ ಎಲುಬು ಕೂಡಿತ್ತು — ಆದರೆ ತನಗೆ ಬೇಕಾದ ಹಾಗೆ ಕೂಡಿತ್ತು. ಕೈ ಪೂರ್ತಿ ನೆಟ್ಟಗಾಗುವುದಿಲ್ಲ. ಅಂಗೈ ಮೇಲ್ಮುಖವಾಗಿ ತಿರುಗುವುದಿಲ್ಲ. ಬೇರೆ ಯಾವ ಮನೆಯಲ್ಲಾದರೂ ಇದು ಸಣ್ಣ ಊನ. ನಮ್ಮದು ಬೆಳಗಾದರೆ ಸ್ನಾನ ಮಾಡಿ, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯ ಮೇಲಿಟ್ಟು ಪೂಜಿಸುವ ಮನೆ. ಆ ಮನೆಯಲ್ಲಿ ಎಡ ಅಂಗೈ ಎಂದರೆ ಗುಡಿ.

ದೀಕ್ಷೆಯ ದಿನ ಅಯ್ಯನವರು "ಅಂಗೈ ಚಾಚವ್ವ ತಂಗಿ" ಎಂದರು. ಚಾಚಿದೆ. ಅವರಿಗೆ ಕಂಡದ್ದು ಅಂಗೈಯ ಹಿಂಬದಿ. ಅಂಗೈ ತಿರುವಲು ಇಡೀ ಮೈಯನ್ನೇ ಎಡಕ್ಕೆ ವಾಲಿಸಿದೆ. ಗೋಡೆಗೊರಗಿ ಕುಳಿತಿದ್ದ ಅಜ್ಜಿ ಚೀರಿದಳು: "ಏ, ಲಿಂಗ ಬೀಳತದ, ಹಿಡೀರಿ ಯಾರರೆ!" ಅವ್ವ ಓಡಿಬಂದು ನನ್ನ ಕೈಯ ಕೆಳಗೆ ತನ್ನ ಕೈ ಒಡ್ಡಿದಳು. ಅಂದಿನಿಂದ ಎಂಟು ವರ್ಷ ಪ್ರತಿ ಬೆಳಗ್ಗೆ ಒಡ್ಡಿದಳು. ಪ್ರೀತಿಯಿಂದಲೇ ಒಡ್ಡಿದಳು, ಅದರಲ್ಲಿ ಅನುಮಾನವಿಲ್ಲ. ಆದರೆ ನನ್ನದೆಂಬ ಅಂಗೈ ನನಗಿಲ್ಲ ಎಂಬುದನ್ನು ನಾನು ಕಲಿತದ್ದು ಆ ಪ್ರೀತಿಯಿಂದಲೇ.

ಹೈಸ್ಕೂಲಿಗೆಂದು ನನ್ನನ್ನು ಬಸವಕಲ್ಯಾಣದ ಸೋದರತ್ತೆಯ ಮನೆಗೆ ಬಿಟ್ಟರು. ಕೋಟೆಯ ಕಡೆ ಹೋಗುವ ಓಣಿಯಲ್ಲಿ ಶಾಂತಕ್ಕ ಎಂಬ ವಿಧವೆ ರವಿಕೆ ಹೊಲಿಯುತ್ತಿದ್ದಳು. ಸಮವಸ್ತ್ರದ ಅಳತೆ ಕೊಡಲು ಹೋದ ನಾನು, ಆ ಊರಿನಲ್ಲಿ ಯಾರಿಗೂ ಇನ್ನೂ ಗೊತ್ತಿಲ್ಲದ ನನ್ನ ಗುಟ್ಟನ್ನು ಕಾಪಾಡಿಕೊಳ್ಳಲು, "ಎಡಗೈ ತೋಳು ಜರಾ ಉದ್ದ ಇಡ್ರಿ, ಮಣಿಕಟ್ಟಿನ ತನಕ" ಎಂದೆ.

"ಯಾಕ? ಅದೇನ್ ಕಳವಿನ ಮಾಲೇನು, ಮುಚ್ಚಿಕೊಂಡು ಒಯ್ಯಾಕ?" ಎಂದಳು. ಕೈ ಹಿಡಿದು ಎಳೆದು ಟೇಪು ಹಚ್ಚಿದಳು. ನಾನು ಅಳತೊಡಗಿದೆ. ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆಯೇ ಮಾತಾಡಿದಳು. "ಅಳಬ್ಯಾಡ, ಟೇಪು ತೊಯ್ತದ. ಇಪ್ಪತ್ತು ವರ್ಷಾತು ನಾ ಅಳತಿ ತಗೋಳಾಕತ್ತು. ಎರಡೂ ತೋಳು ಬರೋಬರಿ ಇರೋ ಹೆಣ್ಣಮಗಳನ್ನ ಇನ್ನೂ ನೋಡಿಲ್ಲ. ಒಬ್ಬಾಕಿಗೆ ಅರ್ಧ ಬೆರಳು ಫರಕು, ಒಬ್ಬಾಕಿಗೆ ಒಂದು ಬೆರಳು. ನಿಂದು ನಾಕು ಬೆರಳು. ಅಷ್ಟ."

ಆ 'ಅಷ್ಟ' ಎಂಬ ಮಾತನ್ನು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಶಾಂತಕ್ಕನ ತಂದೆ ನಿಜಾಮನ ಕಾಲದಲ್ಲಿ ಊರ ತಾಲೀಮಿನ, ಅಂದರೆ ಗರಡಿಮನೆಯ, ಪೈಲವಾನ. ಗಂಡುಮಕ್ಕಳಿಲ್ಲದ ಆತ ತಾನು ಕಲಿತ ಆಸನಗಳನ್ನು ಮಗಳಿಗೆ ಬಾಗಿಲು ಮುಚ್ಚಿ ಕಲಿಸಿದ್ದ. ಗಂಡ ತೀರಿದ ಮೇಲೆ ಅವಳು ಆ ಬಾಗಿಲನ್ನು ತೆರೆದಳು. ಓಣಿಯ ನಾಲ್ಕೈದು ಹುಡುಗಿಯರು ಬರುತ್ತಿದ್ದರು. ನಾನೂ ಸೇರಿದೆ. ಹೊಲಿಗೆಯಲ್ಲಿ ಉಳಿದ ಚಿಂದಿಗಳನ್ನು ತುಂಬಿ ಅವಳು ಅಂಗೈಯಷ್ಟಗಲದ ಗಟ್ಟಿ ಮೆತ್ತೆಗಳನ್ನು ಮಾಡಿಟ್ಟಿದ್ದಳು. ಯಾರ ಮೈ ಎಲ್ಲಿ ನೆಲ ಮುಟ್ಟುವುದಿಲ್ಲವೋ ಅಲ್ಲಿಗೊಂದು ಮೆತ್ತೆ. "ಮೈ ನೆಲಕ್ಕ ಬರಲಿಲ್ಲಂದ್ರ ನೆಲಾನ ಮೈಗೆ ತರಬೇಕು" — ಅವಳ ಯೋಗಶಾಸ್ತ್ರ ಇದೊಂದು ವಾಕ್ಯದಲ್ಲಿತ್ತು. ನನ್ನ ಮೊಣಕೈಯ ಕೆಳಗೆ ಒಂದು ಮೆತ್ತೆ ಇಟ್ಟಳು. ಕೈಯನ್ನು ಎದೆಯ ಮುಂದಕ್ಕೆ ತಂದು, ಬೆರಳು ಮಡಿಸಿ, "ಅಂಗೈ ಮ್ಯಾಲ ಆಗಲಿಲ್ಲಂದ್ರ ದೊನ್ನಿ ಮಾಡು" ಎಂದಳು. ಮರುದಿನ ಅತ್ತೆಯ ಮನೆಯಲ್ಲಿ, ಯಾರ ಕೈಯ ಆಸರೆಯೂ ಇಲ್ಲದೆ, ಆ ದೊನ್ನೆಯಲ್ಲಿ ಲಿಂಗವನ್ನಿಟ್ಟುಕೊಂಡು ಕುಳಿತೆ. ಅದು ಬೀಳಲಿಲ್ಲ. ನನಗೆ ಹದಿನಾಲ್ಕು ವರ್ಷ.

ಒಮ್ಮೆ ನಮ್ಮನ್ನೆಲ್ಲ ನಾರಾಯಣಪುರದ ಶಿವಾಲಯಕ್ಕೆ ಕರೆದೊಯ್ದಳು. ಹೊರಗೋಡೆಯ ಕಲ್ಲಿನ ಹೆಂಗಸೊಬ್ಬಳಿಗೆ ಒಂದು ತೋಳೇ ಇರಲಿಲ್ಲ. ಶಾಂತಕ್ಕ ಅವಳ ಸೊಂಟಕ್ಕೆ ಬೆರಳು ತಾಗಿಸಿ, "ನೋಡು, ಇಕಿ ಕೈ ಮುರಿದು ಯಾವ ಕಾಲಾತೋ. ಯಾರರೆ 'ಕುಂದ್ರವ್ವ' ಅಂದಾರೇನು? ಕುಣಿಯಾಕತ್ತಾಳ" ಎಂದಳು. ಆಮೇಲೆ, "ನನಗೂ ಚೊಲೊ, ರವಿಕಿಗೆ ಒಂದ ತೋಳು ಹೊಲದ್ರ ಸಾಕು" ಎಂದು ನಕ್ಕಳು. ನಾವೆಲ್ಲ ನಕ್ಕೆವು. ನನ್ನ ಕೈಯ ವಿಷಯದಲ್ಲಿ ನಾನು ನಕ್ಕದ್ದು ಅದೇ ಮೊದಲು.

ಶವಾಸನ ಮಾತ್ರ ನನಗೆ ಕಠಿಣ. ಬೆನ್ನ ಮೇಲೆ ಮಲಗಿ ಎರಡೂ ಅಂಗೈಗಳನ್ನು ಮೇಲ್ಮುಖವಾಗಿ ಬಿಡಬೇಕು. ಉಳಿದೆಲ್ಲ ಆಸನಗಳಲ್ಲಿ ಏನಾದರೂ ಮಾಡಬಹುದು — ಇದರಲ್ಲಿ ಏನೂ ಮಾಡುವಂತಿಲ್ಲ, ಬರೀ ಇರಬೇಕು. ನನ್ನ ಎಡಗೈ ಅಂಗೈಯನ್ನು ನೆಲಕ್ಕೆ ಕವುಚಿಕೊಂಡು ಮಲಗುತ್ತಿತ್ತು. "ಒಂದು ಆಕಾಶಕ್ಕ, ಒಂದು ಭೂಮಿಗೆ. ಇರಲಿ ಬಿಡು" ಎನ್ನುತ್ತಿದ್ದಳು ಶಾಂತಕ್ಕ. ಎರಡು ವರ್ಷ ಹಿಡಿಯಿತು. ಕೊನೆಗೊಂದು ಬೆಳಗ್ಗೆ ನಾನು ಹಾಗೆಯೇ, ಕೈಯ ನೆನಪೇ ಇಲ್ಲದೆ, ಮಲಗಿ ಎದ್ದೆ. ಆ ಬೆಳಗಿನಷ್ಟು ಹಗುರ ನಾನು ಮತ್ತೆಂದೂ ಆಗಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ — ನನಗೆ ಗೊತ್ತಿರಲಿಲ್ಲವೆಂದು ನೀವು ಕನಿಕರಿಸಬಾರದು. ನನಗೆ ಗೊತ್ತಿತ್ತು. ಊನವನ್ನು ಒಪ್ಪಿಕೊಂಡ ಮೈ ಎಷ್ಟು ಹಗುರವಾಗಿರುತ್ತದೆಂದು ಕಂಡವಳೇ, ಇನ್ನೊಬ್ಬಳಿಗೆ ಆ ಹಗುರವನ್ನು ಕೊಡಬೇಕಾದ ಗಳಿಗೆಯಲ್ಲಿ, ಕಸಿದುಕೊಂಡೆ.

ಎಂ.ಎ. ಓದಲು ಧಾರವಾಡಕ್ಕೆ ಹೋದೆ. ಅಲ್ಲಿ ನಾನು ಬೆಂಕಿ. ಗೋಡೆಪತ್ರಿಕೆಗೆ ಬರೆಯುತ್ತಿದ್ದೆ, ಸಭೆಗಳಲ್ಲಿ ಎದ್ದು ನಿಂತು ಮಠಗಳನ್ನು, ಮಂತ್ರಿಗಳನ್ನು, ಪ್ರಾಧ್ಯಾಪಕರನ್ನು ಲೆಕ್ಕ ಕೇಳುತ್ತಿದ್ದೆ. ಬಲಗೈ ಎತ್ತಿಯೇ ಮಾತಾಡುತ್ತಿದ್ದೆ. ಶಾಂತಕ್ಕನ ಕೋಣೆಯಲ್ಲಿ ಬಿಟ್ಟುಬಂದಿದ್ದ ಉದ್ದ ತೋಳನ್ನು ಎರಡನೆಯ ತಿಂಗಳಿಗೇ ಮತ್ತೆ ಹೊಲಿಸಿಕೊಂಡಿದ್ದೆ. ಹಾಸ್ಟೆಲಿನಲ್ಲಿ ಯಾರೂ ನನ್ನನ್ನು ಅಣಕಿಸಿರಲಿಲ್ಲ; ಅಣಕಿಸುವ ಅವಕಾಶವನ್ನೇ ನಾನು ಕೊಡಲಿಲ್ಲ. ಜಗತ್ತು ತನ್ನ ಗಾಯಗಳನ್ನು ಬಿಚ್ಚಿ ತೋರಿಸಬೇಕೆಂದು ಕೂಗುತ್ತಿದ್ದವಳು ಕಡು ಬೇಸಿಗೆಯಲ್ಲೂ ಮಣಿಕಟ್ಟಿನ ಗುಂಡಿ ಬಿಚ್ಚುತ್ತಿರಲಿಲ್ಲ.

ಓದು ಮುಗಿಸಿ ಹುಮನಾಬಾದಿನ ಆ ಶಾಲೆಗೆ ಕನ್ನಡ ಶಿಕ್ಷಕಿಯಾಗಿ ಬಂದೆ. ಮುಖ್ಯೋಪಾಧ್ಯಾಯಿನಿ ಸುಭದ್ರಾಬಾಯಿಯವರು. ನಮ್ಮ ಕಡೆ ಶಿಕ್ಷಕಿಯರಿಗೆ ಬಾಯಿ ಎನ್ನುತ್ತಾರೆ, ಅವರು ಹೆಡ್‌ಬಾಯಿ. ನಗದ ಮುಖ, ಇಸ್ತ್ರಿ ಮಾಡಿದ ಬಿಳಿ ಸೀರೆ, ಗಂಟೆ ಬಾರಿಸುವವನ ಗಡಿಯಾರವನ್ನೂ ತಿದ್ದುವ ಹೆಂಗಸು. ನನಗೆ ಅವರು ಮೊದಲ ದಿನದಿಂದಲೇ ಹಿಡಿಸಲಿಲ್ಲ. "ಆಸನ ಬರ್ತಾವಂತಲ್ಲ ನಿಮಗ? ಮುಂಜಾನೆ ಒಂದ ತಾಸು ಮಕ್ಕಳಿಗೆ ಕಲಸ್ರಿ. ಸುಮ್ನ ಬಗ್ಗಿಕೊಂಡು ನಡೀತಾವ ಕತ್ತೆಮರಿ ಹಂಗ" ಎಂದರು. ಒಪ್ಪಿಕೊಂಡೆ.

ಹಿತ್ತಲಿನ ಬೇವಿನ ಮರದ ಕೆಳಗೆ ಕಲಿಸತೊಡಗಿದೆ. ಆದರೆ ಮಕ್ಕಳಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದೆ. ಎದುರು ನಿಂತರೆ ಎಡಬಲ ಅದಲುಬದಲಾಗಿ ಮಕ್ಕಳು ಗೊಂದಲಪಡುತ್ತಾರೆಂಬುದು ನಾನು ಹೇಳುತ್ತಿದ್ದ ಕಾರಣ. ನಿಜವಾದ ಕಾರಣ ಇಷ್ಟೊತ್ತಿಗೆ ನಿಮಗೆ ತಿಳಿದಿದೆ. ಉದ್ದ ತೋಳು, ಮೇಲೆ ಸೆರಗು, ಬೆನ್ನು. ಮೂರು ಗೋಡೆಗಳ ಹಿಂದೆ ನಿಂತು ನಾನು ಯೋಗ ಕಲಿಸುತ್ತಿದ್ದೆ.

ನೀಲಮ್ಮ ಎಂಟನೆಯ ಇಯತ್ತೆಯ ವಿದ್ಯಾರ್ಥಿನಿ. ಬೇಮಳಖೇಡದಿಂದ ದಿನಾ ಮೊದಲ ಬಸ್ಸಿಗೆ ಬರುತ್ತಿದ್ದಳು. ಪೋಲಿಯೊ ಅವಳ ಎಡಗಾಲನ್ನು ತೆಳ್ಳಗೆ, ಗಿಡ್ಡಗೆ ಮಾಡಿತ್ತು; ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಅವಳಾಗಿಯೇ ಬಂದು ಕೇಳಿದಳು: "ನಾ ಬಂದ್ರ ನಡೀತದೇನ್ರಿ ಬಾಯಾರ? ಬಿದ್ದ್ರ ನಾನ ಏಳ್ತೀನ್ರಿ, ನೀವು ಎಬ್ಬಸೂದು ಬ್ಯಾಡ." ನನ್ನ ಬಳಿಯಿದ್ದ ಶಾಂತಕ್ಕನ ಮೆತ್ತೆಯನ್ನು ಅವಳ ಹಿಮ್ಮಡಿಯ ಕೆಳಗೆ ಇಟ್ಟೆ. ಅವಳು ನೆಟ್ಟಗೆ ನಿಂತಳು. ನಿಂತು, ಕೆಳಗೆ ನೋಡಿ, "ಏ... ಎರಡೂ ಕಾಲಿನ ಮ್ಯಾಲ ನಿಂತೀನಲ್ರಿ" ಎಂದಳು. ಆ ಒಂದು ದಿನ ನಾನು ಒಳ್ಳೆಯ ಶಿಕ್ಷಕಿಯಾಗಿದ್ದೆ. ಆ ಮೆತ್ತೆ ಅವಳದೇ ಆಯಿತು. ಪಾಟಿಚೀಲದಲ್ಲಿಟ್ಟುಕೊಂಡು ಊರಿಗೊಯ್ದು ಮತ್ತೆ ತರುತ್ತಿದ್ದಳು.

ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಬರುವರೆಂದು ಪ್ರದರ್ಶನಕ್ಕೆ ಹನ್ನೆರಡು ಹುಡುಗಿಯರನ್ನು ಆರಿಸಿದೆ. ನೀಲಮ್ಮ ಅವರಲ್ಲಿ ಒಬ್ಬಳು, ಆರಿಸಿದವಳು ನಾನೇ. ಮೂರು ದಿನ ಮೊದಲು ಸುಭದ್ರಾಬಾಯಿಯವರು ತಯಾರಿ ನೋಡಲು ಬಂದರು. ಅವರು ಬಂದರೆಂದು ನಾನು ಅಂದು ಮಕ್ಕಳ ಕಡೆ ಮುಖ ಮಾಡಿ, ಹೆಡ್‌ಬಾಯಿಯವರ ಪಕ್ಕದಲ್ಲಿ ನಿಂತೆ. ಅಷ್ಟು ತಿಂಗಳಲ್ಲಿ ನನ್ನ ಮಕ್ಕಳನ್ನು ನಾನು ಎದುರಿನಿಂದ ನೋಡಿದ್ದು ಅದೇ ಮೊದಲು.

"ಕೈ ಮೇಲೆ" ಎಂದೆ.

ಹನ್ನೆರಡು ಜೊತೆ ಕೈಗಳು ಮೇಲೆದ್ದವು. ಬಲಗೈಗಳೆಲ್ಲ ಬೇವಿನ ಕೊಂಬೆಯತ್ತ ನೆಟ್ಟಗೆ. ಎಡಗೈಗಳೆಲ್ಲ ಮೊಣಕೈಯಲ್ಲಿ ಒಂದೇ ಅಳತೆಗೆ ಮಡಿಚಿ, ಅಂಗೈ ಹೊರಕ್ಕೆ ತಿರುಗಿಸಿಕೊಂಡು — ಹನ್ನೆರಡೂ, ಒಂದೂ ತಪ್ಪದೆ. ನನ್ನ ಮುರಿದ ಕೈ ಹನ್ನೆರಡು ಸಲ ನನ್ನೆದುರು ನಿಂತಿತ್ತು. ಗುರು ಮಾಡಿದ ಹಾಗೆ ಮಾಡುವುದೇ ವಿದ್ಯೆ ಎಂದು ನಂಬಿದ ಮಕ್ಕಳು. ಬೆನ್ನು ತಿರುಗಿಸಿ ನಿಂತದ್ದರಿಂದ ನಾನು ಮರೆಸಿದ್ದು ಅವರ ಕೈಗಳನ್ನು ನನ್ನಿಂದಲೇ ಹೊರತು ನನ್ನ ಕೈಯನ್ನು ಅವರಿಂದಲ್ಲ.

"ಇದ್ಯಾವ ಆಸನ ಪಾರ್ವತಿಬಾಯಿ?" ಎಂದರು ಸುಭದ್ರಾಬಾಯಿ. "ಎಲ್ಲಾರ ಎಡಗೈನೂ ಸೊಟ್ಟ ಕಾಣಾಕತ್ತದಲ್ಲ!"

ಹುಡುಗಿಯರು ಒಬ್ಬರನ್ನೊಬ್ಬರು ನೋಡಿದರು. ಉತ್ತರ ಕೊಟ್ಟವಳು ನೀಲಮ್ಮ, ಕೈ ಇಳಿಸದೆಯೇ: "ಅದು ಹಂಗ ಇರ್ತದ್ರಿ ಹೆಡ್‌ಬಾಯಿ. ಬಾಯಾರು ಹಂಗ ಮಾಡ್ತಾರ್ರಿ." ಹೇಳಿದವಳು ನನ್ನ ತೋಳನ್ನೊಮ್ಮೆ ನೋಡಿದಳು. ನೋಡುತ್ತಿದ್ದಂತೆ ಅವಳ ಮುಖ ಬೆಳಗಿತು. "ಬಾಯಾರ ಕೈನ ಹಂಗ ಅದ ಅಲ್ರಿ? ನನ್ನ ಕಾಲು ಅದಲ್ಲ, ಹಂಗ!"

ಕುಹಕವಿರಲಿಲ್ಲ ಅದರಲ್ಲಿ. ಜಾತ್ರೆಯಲ್ಲಿ ನೆಂಟರು ಸಿಕ್ಕವರ ಸಂತೋಷ ಅದು. ತನ್ನವರೊಬ್ಬರು ಸಿಕ್ಕರೆಂದು ಆ ಮಗು ಹನ್ನೊಂದು ಹುಡುಗಿಯರ ನಡುವಿನಿಂದ ನನಗೆ ಕೈ ಚಾಚಿತ್ತು. ನಾನು — ನನಗೆ ಕೇಳಿಸಿದ್ದು ಅಜ್ಜಿಯ ಚೀರಾಟ.

ಸುಭದ್ರಾಬಾಯಿಯವರು ನನ್ನ ತೋಳಿನತ್ತ ಒಂದು ಕ್ಷಣ ನೋಡಿದರು. ಕೂಡಲೇ ಕಣ್ಣು ಬೇರೆಡೆ ಹೊರಳಿಸಿದರು. "ಆತು, ಆತು. ಕೈ ನೆಟ್ಟಗ ಮಾಡ್ರಿ ಎಲ್ಲಾರೂ" ಎಂದು ಹೊರಟುಹೋದರು. ನೀಲಮ್ಮನ ಬಗ್ಗೆ ಅವರು ಒಂದಕ್ಷರವನ್ನೂ ಆಡಲಿಲ್ಲ. ಇದನ್ನು ಗುರುತಿಟ್ಟುಕೊಳ್ಳಿ — ಅವರು ಒಂದಕ್ಷರವನ್ನೂ ಆಡಲಿಲ್ಲ.

ಮರುದಿನ ಬೆಳಗ್ಗೆ ಬೇವಿನ ಮರದ ಕೆಳಗೆ ನೀಲಮ್ಮನನ್ನು ಪಕ್ಕಕ್ಕೆ ಕರೆದೆ.

"ಹೆಡ್‌ಬಾಯಿಯವರು ನಿನ್ನ ಬ್ಯಾಡ ಅಂದಾರ ನೀಲಮ್ಮ. ಸಾಲು ಸಮ ಇರಬೇಕಂತ."

ಅವಳಿಗೆ ಕೂಡಲೇ ಅರ್ಥವಾಗಲಿಲ್ಲ. "ನಾ ಹಿಂದಿನ ಸಾಲಿನ್ಯಾಗ ನಿಂದರ್ತೀನ್ರಿ" ಎಂದಳು.

"ಇರೂದು ಒಂದ ಸಾಲು" ಎಂದೆ.

ಅವಳು ಬಾಗಿದಳು. ಹಿಮ್ಮಡಿಯ ಕೆಳಗಿನ ಮೆತ್ತೆಯನ್ನು ತೆಗೆದು, ಮಣ್ಣು ಕೊಡವಿ, ಎರಡೂ ಕೈಯಿಂದ ನನ್ನ ಮುಂದೆ ಹಿಡಿದಳು. "ಇದು ನಿಮ್ದು ರೀ." ಅಷ್ಟು ಹೇಳಿ ಕುಂಟುತ್ತಾ ತರಗತಿಯ ಕಡೆ ನಡೆದಳು. ಅವಳು ಅಷ್ಟು ಕುಂಟುತ್ತಾಳೆಂದು ನಾನು ಅದುವರೆಗೆ ಗಮನಿಸಿರಲಿಲ್ಲ.

ಪ್ರದರ್ಶನದ ದಿನ ಹನ್ನೊಂದು ಹುಡುಗಿಯರು ನಿಂತರು. ಹನ್ನೊಂದು ಎಡಗೈಗಳು ನೆಟ್ಟಗಿದ್ದವು. ಅಧಿಕಾರಿಗಳು ಚಪ್ಪಾಳೆ ತಟ್ಟಿದರು. ಸುಭದ್ರಾಬಾಯಿಯವರು ನನ್ನ ಕಿವಿಯ ಬಳಿ ಕೇಳಿದರು: "ಆ ಬೇಮಳಖೇಡದ ಹುಡಿಗಿ ಎಲ್ಲಿ?" "ಮೈಯಾಗ ಆರಾಮಿಲ್ಲಂತ್ರಿ" ಎಂದೆ. ಮೊದಲನೆಯ ಸುಳ್ಳಿಗೆ ಬೇಲಿ ಬೇಕಿತ್ತು; ಎರಡನೆಯದನ್ನು ನೆಟ್ಟೆ.

ಸುಳ್ಳು ಅಲ್ಲಿಗೆ ನಿಂತಿದ್ದರೆ ಹೇಡಿತನವೆಂದು ಕರೆಯಬಹುದಿತ್ತು. ನಿಲ್ಲಲಿಲ್ಲ. ನೀಲಮ್ಮ ಈಗ ಆಸನಕ್ಕೆ ಯಾಕೆ ಬರುವುದಿಲ್ಲವೆಂದು ಸಹಶಿಕ್ಷಕಿಯರು ಕೇಳಿದಾಗ, ಮುಖವನ್ನು ಸಪ್ಪೆ ಮಾಡಿ, "ಹೆಡ್‌ಬಾಯಿಯವರನ್ನ ಕೇಳ್ರಿ" ಎಂದೆ. ಆ ಮಾತು ತಾನಾಗಿಯೇ ಬೆಳೆಯಿತು. ಗುಲಬರ್ಗಾದ ಗೆಳೆಯರೊಬ್ಬರು ಈ ಪತ್ರಿಕೆಗೆ ಬರೆಯಲು ಹೇಳಿದರು. ಬರೆದೆ — ಒಂದೇ ಸಂಜೆಯಲ್ಲಿ, ಒಂದು ಪದವನ್ನೂ ಹೊಡೆದುಹಾಕದೆ, ಒಂದೂ ಕಾಟು ಇಲ್ಲದೆ. ಅದಕ್ಕಿಂತ ಚೆಂದದ ಗದ್ಯವನ್ನು ಅದುವರೆಗೆ ನಾನು ಬರೆದಿರಲಿಲ್ಲ. ಆ ಸುಳ್ಳನ್ನು ಬರೆದದ್ದು ಸೊಟ್ಟಗಿರುವ ಎಡಗೈಯಲ್ಲ. ಯಾರೂ ಎಂದೂ ಕೊರತೆ ಕಾಣದ, ನೆಟ್ಟಗಿರುವ ನನ್ನ ಬಲಗೈ.

ಲೇಖನ ಬಂದಮೇಲೆ ಆಡಳಿತ ಮಂಡಳಿ ಸುಭದ್ರಾಬಾಯಿಯವರನ್ನು ಕರೆಸಿತು. ಅವರು "ನಾ ಹಂಗ ಹೇಳಿಲ್ಲ" ಎಂದರಂತೆ; ಯಾರು ಹೇಳಿದರು ಎಂಬ ಪ್ರಶ್ನೆಗೆ ಸುಮ್ಮನಿದ್ದರಂತೆ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿದ್ದವರನ್ನು ಸಂಸ್ಥೆಯ ಒಂದು ಗಡಿಹಳ್ಳಿಯ ಪ್ರಾಥಮಿಕ ಶಾಲೆಗೆ ಕಳಿಸಿದರು. ಹೋಗುವ ದಿನ ಪಡಸಾಲೆಯಲ್ಲಿ ನನ್ನೆದುರು ನಿಂತರು. "ಚೊಲೊ ಬರೀತೀರಿ ಪಾರ್ವತಿಬಾಯಿ. ಅಕ್ಷರ ಬಾಳ ನೆಟ್ಟಗವ" ಎಂದರು. ಸೋತವರ ಕೊಂಕು ಎಂದುಕೊಂಡೆ. ಅವರಿಗೆ ಎಲ್ಲ ಗೊತ್ತಿತ್ತು. ನನ್ನ ಕೈಯ ಗುಟ್ಟನ್ನು ಸಭೆಯಲ್ಲಿ ಬಿಚ್ಚದೆ ತಮ್ಮ ಹೆಸರನ್ನೇ ಕೊಟ್ಟು ಹೋಗುತ್ತಿದ್ದರು ಎಂದು ಅರಿಯುವಷ್ಟು ಓದು ನನ್ನದಾಗಿರಲಿಲ್ಲ.

ಕೆಲಸ ಬಿಟ್ಟು ಗುಲಬರ್ಗಾಕ್ಕೆ ಹೋದೆ. ಸಭೆಗಳು, ಭಾಷಣಗಳು, ಲೇಖನಗಳು. ಇಲ್ಲಿ ನಿಮ್ಮನ್ನೂ ಒಂದು ಮಾತು ಕೇಳಬೇಕೆನಿಸುತ್ತದೆ: ಆ ಲೇಖನಕ್ಕೆ ತಲೆದೂಗಿದ ಇಷ್ಟು ಮಂದಿಯಲ್ಲಿ ಒಬ್ಬರಾದರೂ ಬೇಮಳಖೇಡದ ಬಸ್ಸು ಹತ್ತಿ ಆ ಹುಡುಗಿಯನ್ನು ಯಾಕೆ ಕೇಳಲಿಲ್ಲ? — ಇಲ್ಲ, ಇದು ಮತ್ತೆ ಅದೇ ಹಳೆಯ ಚಾಳಿ, ಬೆರಳನ್ನು ಹೊರಗೆ ತೋರುವುದು. ಬಸ್ಸು ಹತ್ತಬೇಕಾಗಿದ್ದವಳು ನಾನು.

ಆಸನಗಳು ಒಂದೊಂದಾಗಿ ನನ್ನನ್ನು ಬಿಟ್ಟವು. ಮೊದಲು ಹೋದದ್ದು ಶವಾಸನ. ಮಲಗಿದರೆ ಸಾಕು, ಎಡಗೈ ಅಲ್ಲಿ ಪಕ್ಕದಲ್ಲಿ ಮಲಗಿರುವುದು ನನಗೆ ತಿಳಿಯುತ್ತಿತ್ತು — ಯಾರೋ ಬೇರೆಯವರು ಮಲಗಿದ ಹಾಗೆ. ಎದ್ದು ಕೂರುತ್ತಿದ್ದೆ. ಐದು ವರ್ಷ ಹೀಗೆ ಕಳೆದವು. ಹೋದ ವರ್ಷ ಶಾಂತಕ್ಕ ಹೇಳಿಕಳಿಸಿದಳು: ಮೊಣಕಾಲು ಮಡಿಚುವುದಿಲ್ಲ, ಹುಡುಗಿಯರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ಬಂದು ಕಲಿಸು.

ಬಸವಕಲ್ಯಾಣಕ್ಕೆ ಬಂದ ದಿನವೇ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಹೊಲಿಗೆ ಯಂತ್ರದ ಗಾಲಿಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ನನ್ನ ತಲೆ ಸವರಲಿಲ್ಲ.

"ನನ್ನ ಮುಂದ ಹೇಳಿ ಏನ್ ಬಂತು?" ಎಂದಳು. "ನೀ ತಗದದ್ದು ನನ್ನೇನು? ಯಾರನ್ನ ತಗದೀಯೋ ಅಕಿ ಮುಂದ ಹೇಳು." ಆಮೇಲೆ ನನ್ನ ತೋಳಿನ ಕಡೆ ನೋಡಿ, "ಆ ತೋಳು ಇಲ್ಲೇ ಬಿಚ್ಚಿಟ್ಟು ಹೋಗು. ಅಳತಿ ತಪ್ಪಿ ಹೊಲದಾರ ಯಾರೋ" ಎಂದಳು. ಕತ್ತರಿ ತಂದು ತಾನೇ ಮೊಣಕೈಯ ಮೇಲಕ್ಕೆ ಕತ್ತರಿಸಿ ಅಂಚು ಹೊಲಿದುಕೊಟ್ಟಳು.

ನೀಲಮ್ಮನಿಗೆ ಈಗ ಹತ್ತೊಂಬತ್ತು. ಬೇಮಳಖೇಡದ ಅವಳ ಮನೆಯ ಅಂಗಳದಲ್ಲಿ ಮೂರು ಎಮ್ಮೆಗಳು, ಒಲೆಯ ಮೇಲೆ ಖೋವಾ ಕುದಿಯುವ ಬಾಣಲೆ. ದಿನಾ ಅದೇ ಮೊದಲ ಬಸ್ಸಿಗೆ ಹುಮನಾಬಾದಿಗೆ ಖೋವಾ ಒಯ್ದು ಮಾರುತ್ತಾಳೆ. ನನ್ನನ್ನು ಗುರುತಿಸಿ, ಸೌಟು ತಿರುವುವುದನ್ನು ನಿಲ್ಲಿಸದೆ, "ಬರ್ರಿ ಬಾಯಾರ, ಕುಂದರ್ರಿ. ತಳ ಹತ್ತತದ, ಏಳಾಂಗಿಲ್ಲ" ಎಂದಳು. ನಿಂತುಕೊಂಡೇ ಹೇಳಿದೆ: ಹೆಡ್‌ಬಾಯಿ ನಿನ್ನನ್ನು ಬೇಡವೆಂದಿರಲಿಲ್ಲ, ಬೇಡವೆಂದವಳು ನಾನು.

"ಗೊತ್ತದರಿ" ಎಂದಳು.

ಪ್ರದರ್ಶನದ ಮರುದಿನವೇ ಸುಭದ್ರಾಬಾಯಿಯವರು ಅವಳನ್ನು ಕರೆದು, ಜ್ವರ ಇಳಿಯಿತೇ ಎಂದು ಕೇಳಿದ್ದರಂತೆ. "ನೀವ ಬ್ಯಾಡ ಅಂದ್ರೆಲ್ರಿ ಅಂದೆ. ಅವರು ನನ್ನ ಮಾರಿನ ನೋಡಿದ್ರು. ಯಾರಿಗೂ ಹೇಳಬ್ಯಾಡ, ನಿಮ್ಮ ಬಾಯಾರು ತಾವಾಗೇ ಹೇಳ್ತಾರ ಅಂದ್ರು." ಸೌಟು ಎತ್ತಿ ಬಾಣಲೆಯ ಅಂಚಿಗೆ ಬಡಿದಳು. "ನೀವು ಪೇಪರಿನ್ಯಾಗ ಹೇಳಿದ್ರಿ. ಬ್ಯಾರೇನ ಹೇಳಿದ್ರಿ."

ಶಾಲೆ ಯಾಕೆ ಬಿಟ್ಟೆ ಎಂದು ಕೇಳಬಾರದಿತ್ತು, ಕೇಳಿದೆ. "ಕುಂಟಿ ಅನ್ನೂದು ರೂಢಿ ಇತ್ತರಿ, ನಡೀತಿತ್ತು. ನಿಮ್ಮ ಲೇಖನ ಬಂದ ಮ್ಯಾಲ 'ಪೇಪರ್ ಕುಂಟಿ' ಅಂದ್ರು. ಬಸ್ಸಿನ್ಯಾಗ ಗುರುತ ಇಲ್ಲದವರೂ ಎದ್ದು ಜಾಗಾ ಕೊಟ್ಟು, ಅಯ್ಯೋ ಪಾಪ ಅನ್ನಾಕತ್ತಿದ್ರು. ಅದು ಆಗಲಿಲ್ಲರಿ ನನಗ."

ನಾನು ಸಾಲಿನಿಂದ ತೆಗೆದದ್ದು ಒಂದು ಬೆಳಗ್ಗೆ. ಶಾಲೆಯಿಂದಲೇ ತೆಗೆದದ್ದು ನನ್ನ ಅತ್ಯುತ್ತಮ ಗದ್ಯ.

ಚೀಲದಿಂದ ಮೆತ್ತೆಯನ್ನು ತೆಗೆದು ಅವಳ ಮುಂದಿಟ್ಟೆ. ಅವಳು ಅದನ್ನು ಕೈಗೆತ್ತಿಕೊಂಡು, ಒತ್ತಿ ನೋಡಿ, ನಕ್ಕಳು. "ಆಗ ನಾ ಸಣ್ಣಾಕಿ ಇದ್ದೆ. ಚೊಲೊ ಕಾಲು ಬೆಳದದರಿ ಬಾಯಾರ. ಈಗ ಇದು ಸಾಲಾಂಗಿಲ್ಲ." ಮರಳಿ ಕೊಟ್ಟಳು.

ಸುಭದ್ರಾಬಾಯಿಯವರು ನಿವೃತ್ತರಾಗಿ ಹುಮನಾಬಾದಿನಲ್ಲಿಯೇ ಇದ್ದಾರೆ ಎಂದು ತಿಳಿದದ್ದೂ ಅವಳಿಂದಲೇ. ಪ್ರತಿ ಮಂಗಳವಾರ ಅವಳ ಬಳಿ ಖೋವಾ ಕೊಳ್ಳುತ್ತಾರಂತೆ. ನನ್ನ ವಿಷಯ ಅವರಿಬ್ಬರ ನಡುವೆ ಬರುವುದೇ ಇಲ್ಲವಂತೆ. ನಾನು ಈಗಲೇ ಹೋಗಿ ಅವರ ಕಾಲು ಹಿಡಿಯುತ್ತೇನೆ ಎಂದೆ.

"ಕಾಲು ಹಿಡದ್ರ ಅವರಿಗೆ ಏನ್ ಸಿಗ್ತದರಿ?" ಎಂದಳು ನೀಲಮ್ಮ. "ಮನಿಯಾಗ ಅತ್ತು ಬರ್ತೀರಿ, ಹೊರಗ ಪೇಪರು ಹಂಗ ಇರ್ತದ. ಎಲ್ಲಿ ಬರದೀರಿ, ಅಲ್ಲೇ ಬರೀರಿ. ಅದನ್ನ ಹಿಡಕೊಂಡು ಹೋಗ್ರಿ. ಬರೇ ಕೈಲೆ ಹೋಗಬ್ಯಾಡ್ರಿ."

ಆದ್ದರಿಂದ ಇದು ಕ್ಷಮಾಪಣೆಯ ಕಾಗದವಲ್ಲ, ತಿದ್ದುಪಡಿ. ಸಂಪಾದಕರನ್ನು ಇದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಬೇಕೆಂದು ಕೇಳಿದ್ದೇನೆ. ಹಳೆಯ ಲೇಖನವನ್ನು ಕತ್ತರಿಸಿಟ್ಟುಕೊಂಡವರು ಇದನ್ನೂ ಕತ್ತರಿಸಿ ಅದರ ಮೇಲೆ ಅಂಟಿಸಬೇಕು.

ನನ್ನ ಕೈಯನ್ನು ನಾನು ಒಪ್ಪಿಕೊಂಡಿದ್ದೇನೆಯೇ ಎಂದು ಯಾರಾದರೂ ಕೇಳಿದರೆ — ಹೌದು, ಸುಮಾರಾಗಿ. ಅದು ಸುಲಭದ ಭಾಗ. ಎಲುಬಿನ ಸೊಟ್ಟು ನಾನು ಮಾಡಿದ್ದಲ್ಲ. ನಾನೇ ಮಾಡಿದ್ದನ್ನು ಒಪ್ಪಿಕೊಳ್ಳುವ ಆಸನ ಯಾವುದೆಂದು ಶಾಂತಕ್ಕನೂ ಹೇಳಿಕೊಟ್ಟಿಲ್ಲ. ಈ ಪುಟ ಬರೆಯುವಾಗ ಬಲಗೈ ಅನೇಕ ಸಲ ನಿಂತಿತು, ಕಾಟುಗಳು ಬಹಳ.

ಶಾಂತಕ್ಕನ ಕೋಣೆಯಲ್ಲಿ ಈಗ ದಿನಾ ಬೆಳಗ್ಗೆ ಏಳು ಹುಡುಗಿಯರು ಬರುತ್ತಾರೆ. ಮೊಣಕೈಯ ಮೇಲಕ್ಕೆ ನಿಲ್ಲುವ ತೋಳು ಹಾಕಿಕೊಂಡು, ಅವರಿಗೆ ಎದುರಾಗಿ ನಿಲ್ಲುತ್ತೇನೆ. ಎಡಬಲ ಅದಲುಬದಲಾಗುತ್ತದೆ, ನಿಜ; ಮಕ್ಕಳು ಎರಡು ದಿನದಲ್ಲಿ ಸರಿಮಾಡಿಕೊಳ್ಳುತ್ತಾರೆ. ನಿನ್ನೆ ಹೊಸದಾಗಿ ಬಂದ ಹುಡುಗಿಯೊಬ್ಬಳು ನನ್ನನ್ನೇ ನೋಡುತ್ತಾ ಕೈಯೆತ್ತಿದಳು. ನನ್ನ ಎಡಗೈಗೆ ಎದುರಾದ ಅವಳ ಬಲಗೈ ಮೊಣಕೈಯಲ್ಲಿ ಮಡಿಚಿಕೊಂಡಿತ್ತು.

"ಹಂಗಲ್ಲವ್ವ. ಅದು ನನ್ನ ಕೈ. ನಿಂದು ಎಷ್ಟು ಏಳತದೋ ಅಷ್ಟು ಎತ್ತು" ಎಂದೆ.

"ನಿಮ್ದು ಯಾಕ ಹಂಗ ಅದರಿ?" ಎಂದಳು.

ಹೇಳಿದೆ. ಬಣವೆಯಿಂದ ಬಿದ್ದದ್ದನ್ನು ಹೇಳಿದೆ, ಬಿದಿರಿನ ದಬ್ಬೆಯನ್ನು ಹೇಳಿದೆ. ಅವಳು "ಓ" ಎಂದಳು. ಕೈ ನೆಟ್ಟಗೆ ಮಾಡಿದಳು. ಆರು ವರ್ಷಗಳ ಹಿಂದೆ ಬೇವಿನ ಮರದ ಕೆಳಗೆ ನೀಲಮ್ಮನಿಗೆ ನಾನು ಹೇಳಬೇಕಾಗಿದ್ದದ್ದು ಇಷ್ಟೇ ಇತ್ತು.

ಈ ಸಂಚಿಕೆ ಶನಿವಾರ ಹೊರಬರುತ್ತದೆ. ಮಂಗಳವಾರ ಮೊದಲ ಬಸ್ಸಿಗೆ ಹುಮನಾಬಾದಿಗೆ ಹೋಗುತ್ತೇನೆ. ನೀಲಮ್ಮ ಖೋವಾ ಕೊಟ್ಟು ಬಂದ ಮೇಲೆ, ಪತ್ರಿಕೆ ಹಿಡಿದು ಸುಭದ್ರಾಬಾಯಿಯವರ ಬಾಗಿಲು ತಟ್ಟುತ್ತೇನೆ. ತೆರೆಯಬೇಕೆಂದೇನೂ ಇಲ್ಲ. ತೆರೆಯದಿದ್ದರೆ ಪತ್ರಿಕೆಯನ್ನು ಹೊಸ್ತಿಲಲ್ಲಿ, ಈ ಪುಟ ಮೇಲೆ ಬರುವ ಹಾಗೆ ಇಟ್ಟು ಬರುತ್ತೇನೆ.